ಪಾಚಿ ಹಸಿರಿನ ಮೂರು ಅಂಕ

ಮೇಜಿನ ಮೇಲೆ ಎರಡು ಬಟ್ಟೆ ಚೂರುಗಳಿದ್ದವು. ಎರಡೂ ಅಂಗೈ ಅಗಲ, ಎರಡೂ ಉಜ್ಜಿ ಮೆತ್ತಗೆ ಮಾಡಿದ ದಪ್ಪ ಹತ್ತಿ, ಎರಡೂ ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಒಂದು ನಮ್ಮದು. ಇನ್ನೊಂದನ್ನು ನಮ್ಮ ವಿಭಾಗದ ಮುಖ್ಯಸ್ಥರು ಜವಳಿ ಮೇಳದಲ್ಲಿ ಪ್ರತಿಸ್ಪರ್ಧಿ ಕಂಪನಿಯ ಮಳಿಗೆಯಿಂದ ತಂದಿದ್ದರು.

“ಇದರಲ್ಲಿ ನಮ್ಮದು ಯಾವುದು ಹೇಳಿ” ಎಂದರು.

ನಾನು ಗುಳೇದಗುಡ್ಡದ ಕಡೆಯ ನೇಕಾರರ ಮನೆಯವಳು. ಖಣದ ಮಗ್ಗದ ಪಕ್ಕದಲ್ಲೇ ತೊಟ್ಟಿಲು ಕಟ್ಟಿದ್ದರಂತೆ. ಬಟ್ಟೆಯ ವಿಷಯದಲ್ಲಿ ನನ್ನನ್ನು ಏಮಾರಿಸುವುದು ಸುಲಭವಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಎರಡನ್ನೂ ಮುಟ್ಟಿದೆ, ತಿರುಗಿಸಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಹೇಳಲಾಗಲಿಲ್ಲ.

“ನಮ್ಮ ಬಣ್ಣಗಳು ಹೊರಗೆ ಹೋಗುತ್ತಿವೆ” ಎಂದರು ಮುಖ್ಯಸ್ಥರು. ಅವರು ಆ ವರ್ಷವಷ್ಟೇ ಹಡಗು ಸಾಗಣೆಯ ವಿಭಾಗದಿಂದ ನಮ್ಮಲ್ಲಿಗೆ ಬಂದವರು. ಕಂಟೇನರಿನ ಬೀಗ ಒಡೆದಿದ್ದರೆ ಒಳಗಿನ ಸರಕು ಕಳುವಾಗಿದೆ ಎಂದು ನಂಬುವ ಲೋಕದವರು. ನಾನೂ ನಂಬಿದೆ.

ಜರ್ಮನಿ ಹೊರಗಿನ ಕಂಪ್ಯೂಟರ್ ಎಂಜಿನಿಯರುಗಳನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ಹ್ಯಾಂಬರ್ಗಿನ ಈ ಜವಳಿ ಕಂಪನಿಯಲ್ಲಿ ನನ್ನ ಕೆಲಸ ಬಣ್ಣಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುವ ಪ್ರೋಗ್ರಾಮ್ ಬರೆಯುವುದು. ಬ್ರಿಟನ್ನಿನ ಒಂದು ವಿನ್ಯಾಸ ಸ್ಟುಡಿಯೋ ವರ್ಷಕ್ಕೆರಡು ಸಲ ನಮಗೆ ಬಣ್ಣದ ಕಾರ್ಡು ಕಳಿಸುತ್ತಿತ್ತು. ಬೇಸಿಗೆಗೊಂದು, ಚಳಿಗಾಲಕ್ಕೊಂದು. ಅದೂ ಬರುವ ಚಳಿಗಾಲದ್ದಲ್ಲ, ಅದರ ಆಚೆಯ ಚಳಿಗಾಲದ್ದು. ಜನ ಇನ್ನೂ ಈ ವರ್ಷದ ಕೋಟನ್ನೇ ಕೊಂಡಿರುವುದಿಲ್ಲ, ಅಷ್ಟರಲ್ಲಿ ಮುಂದಿನ ವರ್ಷ ಅವರು ಏನನ್ನು ಇಷ್ಟಪಡಬೇಕು ಎಂಬುದು ಬೂದು ಲಕೋಟೆಯಲ್ಲಿ ಬಂದು ಬಿದ್ದಿರುತ್ತಿತ್ತು. ಕಾರ್ಡಿನಲ್ಲಿ ಇಪ್ಪತ್ತನಾಲ್ಕು ಬಣ್ಣಗಳ ಉಣ್ಣೆಯ ಕುಚ್ಚುಗಳು, ಪಕ್ಕದಲ್ಲಿ ಬಟ್ಟೆಯ ತುಣುಕುಗಳು: ಸಣ್ಣ ಗೆರೆಯ ಕಾರ್ಡುರಾಯ್, ಕುದಿಸಿ ಗಟ್ಟಿಮಾಡಿದ ಉಣ್ಣೆ, ಒರಟು ಟ್ವೀಡ್. ಪ್ರತಿ ಬಣ್ಣದ ಅಳತೆಯ ಅಂಕಿಗಳು ಕಾರ್ಡಿನ ಹಿಂಬದಿಯಲ್ಲಿ. ಹೆಸರುಗಳೋ, ಕೇಳಬೇಡಿ. ‘ಒದ್ದೆ ಸ್ಲೇಟು’, ‘ಬೇಲಿಯ ಹಣ್ಣು’, ‘ನಿನ್ನೆಯ ಚಹಾ’. ನಮ್ಮೂರಿನಲ್ಲಿ ನಿನ್ನೆಯ ಚಹಾವನ್ನು ಚೆಲ್ಲುತ್ತಾರೆ, ಇವರು ಅದರಲ್ಲಿ ಸ್ವೆಟರು ಹೆಣೆಯುತ್ತಾರೆ.

ಆ ಸಲದ ಕಾರ್ಡಿನಲ್ಲಿ ಇಬ್ಬರು ನಾಯಕರು. ತುಕ್ಕಿನ ಕೆಂಪು ಹಿಂದಿನ ಚಳಿಗಾಲದಿಂದಲೇ ಮುಂದುವರಿದಿತ್ತು, ಅದಕ್ಕೆ ಜೋಡಿಯಾಗಿ ಪಾಚಿ ಹಸಿರು ಬಂದಿತ್ತು. ಎರಡೂ ಒಂದೇ ಮಟ್ಟದ ಮಬ್ಬು.

“ಕಾರ್ಡಿನ ಫೈಲನ್ನು ತೆರೆಯಬಲ್ಲವರು ಮೂವರು” ಎಂದು ಮುಖ್ಯಸ್ಥರು ಬೆರಳು ಮಡಚಿದರು. ಬಣ್ಣದ ಕೋಣೆಯ ಹಿರಿಯ ಹೆಂಗಸು, ಮೂವತ್ತು ವರ್ಷದಿಂದ ಇಲ್ಲಿರುವವರು. ನಾನು. ಆಮೇಲೆ ಸರ್ವರ್ ನೋಡಿಕೊಳ್ಳುವ ಮೈಸೂರಿನ ಎಂಜಿನಿಯರ್. ಮೂರನೆಯ ಬೆರಳನ್ನು ಅವರು ಮಡಚಿದವರು ಬಿಡಲೇ ಇಲ್ಲ.

“ನಿಮಗೆ ಅವನ ಭಾಷೆ ಬರುತ್ತದೆ. ಸ್ವಲ್ಪ ಗಮನ ಇಡಿ.”

ಆಗಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಮೂವರಲ್ಲಿ ಒಬ್ಬಳು ನಾನೇ ಆಗಿದ್ದೆ, ನನ್ನ ಮೇಲೆ ಬರುವ ಅನುಮಾನ ಬೇರೆಯವರ ಕಡೆ ತಿರುಗಿದ್ದು ಒಳಗೊಳಗೇ ಹಾಯೆನಿಸಿತು. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅವನಿಗೆ ಮೂವತ್ತರ ಆಸುಪಾಸು. ಆ ದೊಡ್ಡ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ. ನಾನು ವಯಸ್ಸಿನಲ್ಲಿ ಎಂಟು ವರ್ಷ ದೊಡ್ಡವಳು, ಮೊದಲ ದಿನದಿಂದಲೇ ಅಕ್ಕ ಎನ್ನುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂರುತ್ತಿದ್ದೆವು, ನನ್ನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದ, ನಾನು ಅವನ ನೀರು ಸಾರನ್ನು ಅಣಕಿಸುತ್ತಿದ್ದೆ. ಅವನ ಹೆಂಡತಿ ಮೈಸೂರಿನಲ್ಲಿ ವೀಸಾಕ್ಕೆ ಕಾಯುತ್ತಿದ್ದಳು. ಇವನಿಗೆ ಕೆಲಸ ಖಾಯಂ ಇದೆ ಎಂದು ಕಂಪನಿ ಬರೆದುಕೊಟ್ಟ ಪತ್ರವನ್ನು ವಿದೇಶಿಯರ ಕಚೇರಿಗೆ, ಆ ಆಸ್‌ಲೆಂಡರ್‌ಬೆಹೋರ್ಡೆಗೆ, ಒಪ್ಪಿಸಿದರೆ ಅವಳು ಬರಬಹುದು. ಆ ಪತ್ರಕ್ಕೆ ಸಹಿ ಹಾಕಬೇಕಾದವರು ಇದೇ ಮುಖ್ಯಸ್ಥರು. ಕೆಲಸ ಹೋದರೆ ಹೆಂಡತಿ ಬರುವ ಮಾತು ಹಾಗಿರಲಿ, ಅವನೇ ಗಂಟುಮೂಟೆ ಕಟ್ಟಬೇಕಿತ್ತು. ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು.

ತಲೆಯಲ್ಲಿ ಒಮ್ಮೆ ಹುಳ ಬಿಟ್ಟರೆ ಸಾಕು, ಕಂಡದ್ದೆಲ್ಲ ಅದಕ್ಕೆ ಮೇವಾಗುತ್ತದೆ. ನಾನು ಮೈಯೆಲ್ಲ ಕಣ್ಣಾಗಿ ನೋಡತೊಡಗಿದೆ. ಹೊಸ ಕಾರ್ಡು ಬಂದ ವಾರ ಅವನು ಬೆಳಿಗ್ಗೆ ಏಳಕ್ಕೇ ಬರುತ್ತಿದ್ದ. ಉಳಿದವರು ಬರುವುದು ಎಂಟೂವರೆಗೆ. ಯಾರು ಯಾವಾಗ ಯಾವ ಫೈಲು ತೆರೆದರೆಂಬ ಲಾಗ್ ತೆಗೆದು ನೋಡಿದರೆ ಏಳೂ ಹತ್ತಕ್ಕೆ ಬಣ್ಣದ ಫೈಲು ತೆರೆದಿದೆ, ಎಂಟರವರೆಗೂ ತೆರೆದೇ ಇದೆ. ಸರ್ವರಿನವನಿಗೆ ಬಣ್ಣದ ಜೊತೆ ಒಂದು ಗಂಟೆ ಏನು ಕೆಲಸ?

ಒಂದು ದಿನ ನಾನೂ ಏಳೂಕಾಲಿಗೆ ಹೋದೆ. ಅವನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದವನು ನನ್ನನ್ನು ಕಂಡು ಅದನ್ನು ಕೀಬೋರ್ಡಿನ ಕೆಳಗೆ ತಳ್ಳಿದ.

“ಏನಪಾ, ಇಷ್ಟ ಲಗೂನ ಬಂದೀಯಲ್ಲ?”

“ಟ್ರೈನ್ ಬೇಗ ಸಿಕ್ಬಿಡ್ತು ಅಕ್ಕ. ನೀವೇನು ಇವತ್ತು?”

“ನಿದ್ದಿ ಬರಲಿಲ್ಲ, ಬಂದೆ. ಏನ್ ಬರ್ಯಾಕತ್ತಿದ್ದಿ?”

“ಏನಿಲ್ಲಕ್ಕ, ಸಾಮಾನಿನ್ ಲಿಸ್ಟು. ಅವ್ಳು ಬಂದ್ರೆ ಕುಕ್ಕರು ಗಿಕ್ಕರು ಎಲ್ಲಾ ಬೇಕಲ್ಲ.”

ಸುಳ್ಳು ಎಂದು ಮುಖದಲ್ಲೇ ಬರೆದಿತ್ತು. ಹತ್ತು ತಿಂಗಳಲ್ಲಿ ಅವನು ನನಗೆ ಸುಳ್ಳು ಹೇಳಿದ್ದು ಅದೇ ಮೊದಲು. ನನಗೆ ಬೇಜಾರಾಗಲಿಲ್ಲ, ಖುಷಿಯಾಯಿತು. ಸಿಕ್ಕಿಬಿದ್ದ ಎಂದುಕೊಂಡೆ.

ಇನ್ನೂ ಒಂದು ಇತ್ತು. ಬಣ್ಣದ ಕೋಣೆಯಲ್ಲಿ ಒಂದು ರೂಢಿಯಿದೆ. ಆ ಕೋಣೆಯ ಗೋಡೆ, ನೆಲ, ಮೇಜು ಎಲ್ಲ ಬೂದು. ಒಳಗೆ ಹೋಗುವವರು ಬೂದು ಕೋಟು ತೊಡಬೇಕು, ಮೈಮೇಲಿನ ಬಟ್ಟೆಯ ಬಣ್ಣ ಕಣ್ಣನ್ನು ಕೆಡಿಸಬಾರದು ಎಂದು. ನನ್ನ ಸಾಸಿವೆ ಬಣ್ಣದ ಕುರ್ತಾ ನೋಡಿ ಆ ಹಿರಿಯ ಹೆಂಗಸು ಮೊದಲ ದಿನ ಕುತ್ತಿಗೆಯವರೆಗೆ ಗುಂಡಿ ಹಾಕಿಸಿದ್ದರು. ಬಣ್ಣದ ಫೈಲು ತೆರೆಯಬಲ್ಲ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಗೆ ಕೂರಬೇಕು. ಉದ್ದ ಪೆಟ್ಟಿಗೆಯಲ್ಲಿ ಹತ್ತಾರು ಬಿಲ್ಲೆಗಳಿರುತ್ತವೆ, ಒಂದರಿಂದ ಒಂದಕ್ಕೆ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ, ಸಾಲಾಗಿ ಜೋಡಿಸಬೇಕು. ಇವನಿಗೆ ಎರಡು ಸಲ ದಿನ ಕೊಟ್ಟರು. ಒಮ್ಮೆ ನೆಗಡಿ ಎಂದ, ಇನ್ನೊಮ್ಮೆ ಸರ್ವರ್ ಕೈಕೊಟ್ಟಿದೆ ಎಂದ. ಬಣ್ಣದ ಕೋಣೆಯಲ್ಲಿ ಹತ್ತು ನಿಮಿಷ ಕೂರಲು ಹೆದರುವವನ ಮನಸ್ಸಿನಲ್ಲಿ ಏನೋ ಇದೆ ಎಂದು ನಾನು ಲೆಕ್ಕ ಹಾಕಿದೆ.

ಬಲೆ ಹೆಣೆದದ್ದು ನಾನೇ. ಮುಖ್ಯಸ್ಥರು ಗಮನ ಇಡಿ ಎಂದಿದ್ದರು ಅಷ್ಟೆ, ಬಲೆಯ ಮಾತು ಅವರ ಬಾಯಿಂದ ಬಂದಿರಲಿಲ್ಲ.

ಬಣ್ಣವನ್ನು ಯಂತ್ರದಿಂದ ಅಳೆದಾಗ ಮೂರು ಅಂಕಿ ಬರುತ್ತವೆ. ಮೊದಲನೆಯದು ಎಷ್ಟು ತಿಳಿ, ಎಷ್ಟು ಗಾಢ ಎಂದು ಹೇಳುತ್ತದೆ. ಎರಡನೆಯದು ಸೊನ್ನೆಗಿಂತ ಕೆಳಗಿದ್ದರೆ ಬಣ್ಣ ಹಸಿರಿನ ಕಡೆಗೆ, ಮೇಲಿದ್ದರೆ ಕೆಂಪಿನ ಕಡೆಗೆ. ಮೂರನೆಯದು ನೀಲಿ ಮತ್ತು ಹಳದಿಯ ಲೆಕ್ಕ. ಪಾಚಿ ಹಸಿರಿನ ಎರಡನೆಯ ಅಂಕಿ ಮೈನಸ್ ಒಂಬತ್ತು. ನಾನು ಅವನ ಲಾಗಿನ್ನಿಗೆ ಮಾತ್ರ ಕಾಣುವಂತೆ ಫೈಲಿನ ಒಂದು ಪ್ರತಿ ಮಾಡಿ ಅದರಲ್ಲಿ ಮೈನಸ್ ಆರು ಎಂದು ಬರೆದೆ. ಮೂರೇ ಅಂಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ, ಒಂದನ್ನೇ ನೋಡಿದರೆ ಯಾವ ಕಣ್ಣಿಗೂ ತಿಳಿಯದು. ಮುಂದಿನ ಮೇಳದಲ್ಲಿ ಪ್ರತಿಸ್ಪರ್ಧಿಯ ಹಸಿರನ್ನು ತಂದು ಅಳೆದಾಗ ಮೈನಸ್ ಆರು ಬಂದರೆ ಕಳ್ಳ ಯಾರೆಂದು ಬೇರೆ ಸಾಕ್ಷಿ ಬೇಡ. ಬುದ್ಧಿವಂತಿಕೆ ನನಗೇ ಮೆಚ್ಚುಗೆಯಾಯಿತು. ಅಂದು ಮಧ್ಯಾಹ್ನ ಅವನು ತಂದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಮೇಳದವರೆಗೆ ಕಾಯಬೇಕಾಗಲಿಲ್ಲ. ಮೂರನೆಯ ದಿನವೇ ಲಾಗಿನಲ್ಲಿ ಸಿಕ್ಕಿತು. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅವನು ಸರ್ವರಿನ ಮುಖ್ಯ ಪಾಸ್‌ವರ್ಡ್ ಬಳಸಿ ಬಣ್ಣದ ಫೈಲಿನೊಳಗೆ ಕೈ ಹಾಕಿದ್ದ. ಅಂಕಿಗಳನ್ನು ತಿದ್ದುವ ಹಕ್ಕು ಅವನಿಗಿರಲಿಲ್ಲ. ಮೈನಸ್ ಆರನ್ನು ಅಳಿಸಿ ಮೈನಸ್ ಒಂಬತ್ತು ಮಾಡಿದ್ದ.

ನನ್ನ ತರ್ಕ ಹೀಗೆ ಓಡಿತು. ಮೂರು ಅಂಕದ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಅವನು ಅಂಕಿಗಳನ್ನು ಕಾರ್ಡಿನ ಜೊತೆ ಒಂದೊಂದಾಗಿ ತಾಳೆ ನೋಡಿದ್ದಾನೆ. ಯಾರು ಹಾಗೆ ತಾಳೆ ನೋಡುತ್ತಾರೆ? ಬಲೆ ಇರಬಹುದೆಂದು ಹೆದರಿದವನು. ನಾನು ಲಾಗನ್ನು ಪ್ರಿಂಟ್ ಮಾಡಿ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದೆ. “ಅಂಕಿಗಳನ್ನು ತಿದ್ದಿದ್ದಾನೆ” ಎಂದೆ. ನಾನು ಮೊದಲು ತಿದ್ದಿದ್ದನ್ನು ಹೇಳಲಿಲ್ಲ. ಹೇಳಿದರೆ ವಿಷಯ ಗೋಜಲಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೇ ದಿನ ಹನ್ನೊಂದಕ್ಕೆ ಅವನನ್ನು ಮನೆಗೆ ಕಳಿಸಿದರು. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದರು. ಪತ್ರಕ್ಕೆ ಸಹಿ ಆಗಲಿಲ್ಲ. ಅವನು ಕೋಟು ಹಾಕಿಕೊಳ್ಳುತ್ತಾ ನನ್ನ ಮೇಜಿನ ಬಳಿ ಬಂದ, ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ಏನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿದೆ. ಸೋಮವಾರ ವೀಸಾ ಆಫೀಸಲ್ಲಿ ಅಪಾಯಿಂಟ್‌ಮೆಂಟ್ ಇತ್ತು, ಲೆಟರ್ ಕೊಡ್ಬೇಕಿತ್ತು. ನೀವೊಂದ್ ಮಾತು ಹೇಳ್ತೀರಾ ಅವ್ರಿಗೆ?”

“ನೋಡೋಣಂತ” ಎಂದೆ. ಅವನ ಕಣ್ಣು ತಪ್ಪಿಸಿ ಪರದೆ ನೋಡುತ್ತಿದ್ದೆ.

ಮಧ್ಯಾಹ್ನ ಮುಖ್ಯಸ್ಥರು ಒಂದು ಲಕೋಟೆ ತಂದು ನನ್ನ ಮುಂದಿಟ್ಟರು. ಅವನ ಖಾನೆಯಲ್ಲಿ ಸಿಕ್ಕಿದ ನೋಟ್‌ಬುಕ್ಕು. “ನಿಮ್ಮ ಲಿಪಿಯಲ್ಲಿದೆ. ಇಲ್ಲಿ ಇದನ್ನು ಓದಬಲ್ಲವರು ನೀವೊಬ್ಬರೇ. ಸಂಜೆಯೊಳಗೆ ಅನುವಾದ ಮಾಡಿಕೊಡಿ.”

ಸಣ್ಣ ದುಂಡು ಅಕ್ಷರಗಳು. ಮೊದಲ ಪುಟದಲ್ಲಿ ಕಳ್ಳವ್ಯಾಪಾರಿಗಳ ಹೆಸರು ಹುಡುಕಿದೆ. ಇದ್ದದ್ದು ಇಷ್ಟು:

‘ತುಕ್ಕು: ಎರಡನೇ ನಂಬರ್ ಪ್ಲಸ್. ಕೆಂಪು ಅನ್ನಬೇಕು. ಪಾಚಿ: ಎರಡನೇ ನಂಬರ್ ಮೈನಸ್. ಹಸಿರು ಅನ್ನಬೇಕು. ಕಾರ್ಡಿನಲ್ಲಿ ತುಕ್ಕು ಎಡಗಡೆ ಮೂರನೇದು, ಪಾಚಿ ಅದರ ಕೆಳಗೆ. ಎರಡೂ ಒಂದೇ ಥರ ಇವೆ, ಕೈ ತೋರಿಸುವ ಮುಂಚೆ ಜಾಗ ನೋಡಿಕೊಳ್ಳಬೇಕು.’

ಪುಟದ ಮೇಲೆ ಪುಟ ಹೀಗೇ. ಇಪ್ಪತ್ತನಾಲ್ಕು ಬಣ್ಣಗಳು, ಪ್ರತಿಯೊಂದರ ಅಂಕಿ, ಜಾಗ, ಅದನ್ನು ಏನೆಂದು ಕರೆಯಬೇಕು ಎಂಬ ಟಿಪ್ಪಣಿ. ಪರೀಕ್ಷೆಗೆ ಬಾಯಿಪಾಠ ಮಾಡುವ ಮಕ್ಕಳ ಹಾಗೆ. ಎರಡು ಪುಟ ತಿರುವಿದ ಮೇಲಷ್ಟೇ ನನಗೆ ಹೊಳೆಯಿತು. ಅವನಿಗೆ ಕೆಂಪು ಮತ್ತು ಹಸಿರಿನ ನಡುವೆ ಭೇದ ಕಾಣುತ್ತಿರಲಿಲ್ಲ. ಬಣ್ಣದ ಕಂಪನಿಯಲ್ಲಿ ಇದು ಗೊತ್ತಾದರೆ ಕೆಲಸ ಉಳಿಯುವುದಿಲ್ಲವೆಂದು ಹೆದರಿ, ದಿನಾ ಎಲ್ಲರಿಗಿಂತ ಮೊದಲು ಬಂದು ಅಂಕಿಗಳನ್ನು ಓದಿಕೊಳ್ಳುತ್ತಿದ್ದ.

ಕೊನೆಯ ಪುಟದಲ್ಲಿ ಆ ದಿನದ ಬರಹವಿತ್ತು.

‘ಪಾಚಿ: ಅಕ್ಕನ ಫೈಲಿನಲ್ಲಿ ಮೈನಸ್ ಆರು, ಕಾರ್ಡಿನ ಹಿಂದೆ ಮೈನಸ್ ಒಂಬತ್ತು. ಅಕ್ಕ ಟೈಪ್ ಮಾಡುವಾಗ ತಪ್ಪಿರಬೇಕು. ಡೈ ಮಾಡುವವರಿಗೆ ಹೋದರೆ ಅಕ್ಕನಿಗೆ ಬೈಗುಳ. ಸರಿ ಮಾಡಿದೆ. ಊಟಕ್ಕೆ ಕೂತಾಗ ಹೇಳಬೇಕು.’

ಆ ದಿನ ಊಟಕ್ಕೆ ನಾವು ಕೂರಲಿಲ್ಲ. ಹನ್ನೊಂದಕ್ಕೇ ಅವನನ್ನು ಕಳಿಸಿಬಿಟ್ಟಿದ್ದರು.

ನಾನು ಎದ್ದು ಬಣ್ಣದ ಕೋಣೆಗೆ ಹೋದೆ, ಯಾಕೆಂದು ಗೊತ್ತಿಲ್ಲ, ಕೂರಲು ಒಂದು ಜಾಗ ಬೇಕಿತ್ತು. ಹಿರಿಯ ಹೆಂಗಸು ದೀಪದ ಪೆಟ್ಟಿಗೆಯೊಳಗೆ ಟ್ವೀಡ್ ತುಂಡೊಂದನ್ನು ಹಗಲಿನ ಬೆಳಕಿಗೂ ಅಂಗಡಿಯ ಬೆಳಕಿಗೂ ಬದಲಿಸಿ ನೋಡುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರು ಕೇಳಿದರು.

“ಆ ಯುವಕನನ್ನು ಯಾಕೆ ಕಳಿಸಿದರು?”

“ಬಣ್ಣ ಕದ್ದನೆಂದು ಅನುಮಾನ.”

ಅವರು ನಕ್ಕುಬಿಟ್ಟರು. “ಅವನೇ? ಅವನು ಬಣ್ಣ ನೋಡುವುದೇ ಇಲ್ಲ, ಓದುತ್ತಾನೆ. ನನಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು.”

“ಮತ್ತೆ ಯಾರಿಗೂ ಹೇಳಲಿಲ್ಲ?”

“ಅವನ ಕೆಲಸ ಸರ್ವರಿನದು, ಕಣ್ಣಿನದಲ್ಲ. ಪರೀಕ್ಷೆಗೆ ಅವನು ನೆಪ ಹೇಳಿದಾಗೆಲ್ಲ ನಾನೇ ದಿನ ಮುಂದಕ್ಕೆ ಹಾಕುತ್ತಿದ್ದೆ. ನಿಮಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ದಿನಾ ಒಟ್ಟಿಗೆ ಊಟ ಮಾಡುತ್ತೀರಲ್ಲ.”

ನನ್ನ ಮುಂದೆ ಎರಡು ದಾರಿಗಳಿದ್ದವು. ನೋಟ್‌ಬುಕ್ಕಿನಲ್ಲಿ ಏನೋ ಮನೆಯ ಲೆಕ್ಕವಿದೆ, ಸ್ಪಷ್ಟವಿಲ್ಲ ಎಂದರೆ ಪ್ರಶ್ನಿಸುವವರು ಯಾರೂ ಇಲ್ಲ. ಇಡೀ ಹ್ಯಾಂಬರ್ಗಿನಲ್ಲಿ ಅದನ್ನು ಓದುವ ಇನ್ನೊಬ್ಬರನ್ನು ಮುಖ್ಯಸ್ಥರು ಎಲ್ಲಿಂದ ಹುಡುಕಬೇಕು? ನನ್ನ ಬಲೆ ಬಯಲಾಗುವುದಿಲ್ಲ, ನನ್ನ ಕೆಲಸಕ್ಕೂ ಕುತ್ತಿಲ್ಲ. ನನ್ನದೂ ಅದೇ ಗ್ರೀನ್ ಕಾರ್ಡ್, ಅದೇ ನಿಯಮ. ಒಂದು ಗಂಟೆ ಹೊತ್ತು ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದೆ. ಆ ಒಂದು ಗಂಟೆ ತೆಗೆದುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಕೊನೆಯ ಪುಟವನ್ನು ಮಾತ್ರ ಅಕ್ಷರಕ್ಕೆ ಅಕ್ಷರ ಅನುವಾದ ಮಾಡಿದೆ. ಉಳಿದ ಪುಟಗಳಿಗೆ ‘ಕಾರ್ಡಿನ ಅಂಕಿಗಳು, ಸ್ವಂತ ಅಭ್ಯಾಸಕ್ಕೆ’ ಎಂದಷ್ಟೇ ಬರೆದೆ. ಕಣ್ಣಿನ ವಿಷಯ ಹೇಳುವ ಹಕ್ಕು ನನ್ನದಲ್ಲ. ಹಾಳೆಯ ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ಮೈನಸ್ ಆರು ಎಂದು ಬರೆದದ್ದು ತಪ್ಪಿ ಅಲ್ಲ, ಬೇಕೆಂದೇ, ನಾನು.

ಮುಖ್ಯಸ್ಥರು ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು.

“ಗಮನ ಇಡಿ ಅಂದಿದ್ದೆ. ದಾಖಲೆ ಕೆಡಿಸಿ ಅಂದಿರಲಿಲ್ಲ.”

“ಇಲ್ಲ, ಅಂದಿರಲಿಲ್ಲ.”

“ಹಾಗಾದರೆ ನಮ್ಮ ಬಣ್ಣ ಕದ್ದವರು ಯಾರು?”

ಅದನ್ನು ಕೇಳಬೇಕಾದವರನ್ನು ನಾವು ಇನ್ನೂ ಕೇಳಿರಲಿಲ್ಲ. ಅಲ್ಲಿಂದಲೇ ಬ್ರಿಟನ್ನಿನ ಸ್ಟುಡಿಯೋಗೆ ಫೋನ್ ಮಾಡಿಸಿದೆ. ಕಾರ್ಡು ಮಾಡುವ ವಿನ್ಯಾಸಗಾರ್ತಿಯೇ ಸಿಕ್ಕರು. ಮುಖ್ಯಸ್ಥರು ಗಂಭೀರವಾಗಿ ಕಳವಿನ ಕಥೆ ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡು ಬಹಳ ಮರ್ಯಾದೆಯಿಂದ ಹೇಳಿದರು: ಯಾರೂ ಕದ್ದಿಲ್ಲ. ಎರಡು ವರ್ಷ ಮೊದಲೇ ಬೇರೆ ಬೇರೆ ದೇಶಗಳ ಬಣ್ಣದವರು ಒಂದು ಮೇಜಿನ ಸುತ್ತ ಕೂತು, ಮುಂದೆ ಯಾವ ಬಣ್ಣ ಬರಬಹುದೆಂದು ಮಾತಾಡಿಕೊಳ್ಳುತ್ತಾರೆ. ನೂಲಿನವರು ಅದನ್ನು ಕೇಳಿ ನೂಲಿಗೆ ಬಣ್ಣ ಹಾಕುತ್ತಾರೆ, ಮಿಲ್ಲಿನವರು ಆ ನೂಲನ್ನು ನೇಯುತ್ತಾರೆ. ನಿಮ್ಮ ಎದುರಾಳಿಯೂ ಅಲ್ಲಿಂದಲೇ ಕೊಳ್ಳುತ್ತಾನೆ. ನಾವು ನಿಮಗೆ ಕೊಡುವುದು ಆಯ್ಕೆ, ಯಾವ ಬಟ್ಟೆಗೆ ಯಾವ ಬಣ್ಣ ಎಂಬ ಜೋಡಿ, ಮತ್ತು ಆ ಹೆಸರುಗಳು.

“ಅಂಗಡಿ ಬೀದಿಯಲ್ಲಿ ನಿಮ್ಮ ಬಣ್ಣ ಮಾತ್ರ ಬೇರೆಯಾಗಿ ಕಂಡರೆ ಆಗ ನನಗೆ ಫೋನ್ ಮಾಡಿ, ಆಗ ಚಿಂತೆ ಮಾಡೋಣ” ಎಂದರು.

ಬಣ್ಣದ ಕೋಣೆಯ ಹೆಂಗಸಿಗೆ ಇದೂ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಅವರನ್ನು ನಾವಿಬ್ಬರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಅವನನ್ನು ಕರೆಸಿದರು. ಮುಖ್ಯಸ್ಥರು ಎಲ್ಲರೆದುರು ಕ್ಷಮೆ ಕೇಳಿದರು, ಆ ಮಟ್ಟಿಗೆ ದೊಡ್ಡ ಮನುಷ್ಯ. ಪತ್ರಕ್ಕೆ ಅಲ್ಲೇ ಸಹಿ ಹಾಕಿಕೊಟ್ಟರು. ನನಗೆ ಲಿಖಿತ ಎಚ್ಚರಿಕೆ ಬಂತು, ಫೈಲು ತಿದ್ದುವ ಹಕ್ಕು ಆರು ತಿಂಗಳು ಹೋಯಿತು. ಕೆಲಸ ಉಳಿಯಿತು. ಅವನು ಕೋರಿ ಲೆಕ್ಕಪತ್ರ ವಿಭಾಗದ ಸರ್ವರುಗಳಿಗೆ ವರ್ಗ ಮಾಡಿಸಿಕೊಂಡ.

ನಾನು ಅವನನ್ನು ಮೆಟ್ಟಿಲ ಬಳಿ ನಿಲ್ಲಿಸಿದೆ. ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ, ಗಮನ ಇಟ್ಟದ್ದು, ಏಳೂಕಾಲಿಗೆ ಬಂದದ್ದು, ಮೂರು ಅಂಕ, ಪ್ರಿಂಟು ತೆಗೆದುಕೊಂಡು ಹೋದದ್ದು. “ತಪ್ಪಾತಪಾ, ಭಾಳ ದೊಡ್ಡ ತಪ್ಪಾತು” ಎಂದೆ.

ಅವನು ಕೈಯಲ್ಲಿದ್ದ ಪತ್ರದ ಲಕೋಟೆಯನ್ನು ನೋಡುತ್ತ ನಿಂತಿದ್ದ.

“ಏನ್ ಬರೀತಿದೀಯ ಅಂತ ಇನ್ನೊಂದ್ಸಲ ಕೇಳಿದ್ರೆ ಹೇಳ್ಬಿಡ್ತಿದ್ದೆ. ಹೇಳ್ಕೊಳಕ್ಕೆ ಇಲ್ಲಿ ನಂಗೆ ಬೇರೆ ಯಾರಿದ್ರು?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಎರಡು ತಿಂಗಳ ಮೇಲೆ ಅವನ ಹೆಂಡತಿ ಬಂದಳು. ಒಂದು ಶುಕ್ರವಾರ ಕೆಲಸ ಮುಗಿಸಿ ಹೊರಟಾಗ ಬಾಗಿಲ ಬಳಿ ಅವನಿಗಾಗಿ ಕಾಯುತ್ತಿದ್ದಳು, ಹೊಸ ದಪ್ಪ ಕೋಟು, ಕೊರಳು ಪೂರ್ತಿ ಸುತ್ತಿದ ಮಫ್ಲರು. ನನ್ನ ಹಣೆಯ ಕುಂಕುಮ ನೋಡಿ ಕಣ್ಣರಳಿಸಿದಳು. ಅಷ್ಟರಲ್ಲಿ ಅವನು ಇಳಿದು ಬಂದ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

“ಇವ್ರು ನಮ್ಮ ಆಫೀಸಿನ ಮೇಡಂ, ಕನ್ನಡದವ್ರೇ” ಎಂದು ಪರಿಚಯ ಮಾಡಿಸಿದ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ಕನ್ನಡ ಮಾತಾಡೋ ಮೇಡಮ್ಮಾ? ಅಯ್ಯೋ, ಸದ್ಯ!” ಎಂದು ಅವನ ಕಡೆ ತಿರುಗಿದಳು. “ಮತ್ತೆ ನೀವು ಫೋನಲ್ಲಿ ದಿನಾ ಹೇಳ್ತಿದ್ರಲ್ಲ, ಗುಳೇದಗುಡ್ಡದ್ ಅಕ್ಕ ಅಂತ, ಊಟಕ್ಕೆಲ್ಲ ಜೊತೆಗೇ ಕೂತ್ಕೊತಾರೆ ಅಂತ. ಅವ್ರೆಲ್ಲಿ? ಅವ್ರನ್ನೇ ಮೊದ್ಲು ನೋಡ್ಬೇಕು ಅಂದ್ಕೊಂಡಿದ್ದೆ.”

ಅವನು ಅವಳಿಗೆ ಏನನ್ನೂ ಹೇಳಿರಲಿಲ್ಲ. ನಾನು ಅವನ ಮುಖ ನೋಡಿದೆ, ಅವನು ನಿಲ್ದಾಣದ ಕಡೆ ನೋಡುತ್ತಿದ್ದ.

“ಅವ್ರು ಈಗ ಇಲ್ಲಿಲ್ಲ” ಎಂದ. “ಬಾ, ಟ್ರೈನ್ ಹೋಗ್ಬಿಡತ್ತೆ.”